ಡಿಸ್ಚಾರ್ಜ್ ಚೀಟಿಯ ಆಚೆ: ಚೇತರಿಕೆಯಲ್ಲಿ ಜೊತೆಗಾರರ ಕೆಲಸ

ಆಸ್ಪತ್ರೆಯಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಮನೆಗೆ ಹೊರಟವರ ಕೈಯಲ್ಲಿ ಏನಿರುತ್ತದೆ ಎಂದು ಒಮ್ಮೆ ನೋಡಿ. ಒಂದು ಡಿಸ್ಚಾರ್ಜ್ ಚೀಟಿ, 15 ದಿನಕ್ಕೋ ತಿಂಗಳಿಗೋ ಆಗುವಷ್ಟು ಮಾತ್ರೆ, ಮತ್ತೆ ಬಂದು ತೋರಿಸಬೇಕಾದ ತಾರೀಖು. ಆ ತಾರೀಖು ಬರುವ ತನಕ ಸಂಜೆ ಹೊತ್ತು ಏನು ಮಾಡಬೇಕು, ಹಳೇ ಗೆಳೆಯರು ಬಾಗಿಲಿಗೆ ಬಂದು ಕರೆದರೆ ಏನು ಹೇಳಬೇಕು, ರಾತ್ರಿ ಎರಡಕ್ಕೆ ಎಚ್ಚರವಾಗಿ ನಿದ್ದೆ ಹತ್ತದಿದ್ದರೆ ಯಾರನ್ನು ಕೇಳಬೇಕು, ಇದ್ಯಾವುದೂ ಚೀಟಿಯಲ್ಲಿ ಬರೆದಿರುವುದಿಲ್ಲ. ಡಾಕ್ಟರಿಗೆ ಅದನ್ನು ಬರೆಯುವಷ್ಟು ಸಮಯವೂ ಇಲ್ಲ. ಹೆಚ್ಚಿನ ಮಂದಿ ಕೆಳಗೆ ಜಾರುವುದು ಈ ನಡುವಿನ ದಿನಗಳಲ್ಲೇ. ಪೀರ್ ಸಪೋರ್ಟ್ ಎಂದು ಕರೆಯುವ ಕೆಲಸ ಶುರುವಾಗುವುದೂ ಅಲ್ಲೇ. ಅದೇ ಕಾಯಿಲೆಯನ್ನೋ ಅದೇ ಚಟವನ್ನೋ ದಾಟಿ ಬಂದವರು, ತರಬೇತಿ ಪಡೆದು, ಈಗ ದಾಟುತ್ತಿರುವವರ ಜೊತೆ ನಡೆಯುವುದು. ನಾನು ಅವರನ್ನು ಜೊತೆಗಾರರು ಎಂದೇ ಕರೆಯುತ್ತೇನೆ.

ಇದರ ಅಗತ್ಯ ಎಷ್ಟಿದೆ ಎಂಬುದಕ್ಕೆ ಎರಡು ಅಂಕಿ ಸಾಕು. 2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕುಡಿತದ ತೊಂದರೆ ಇದ್ದ 100 ಜನರಲ್ಲಿ ಸುಮಾರು 86 ಜನ ಚಿಕಿತ್ಸೆಯಿಂದ ಹೊರಗಿದ್ದರು. ದೆಹಲಿಯ ಏಮ್ಸ್ ನಡೆಸಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಇನ್ನೊಂದು ಸಮೀಕ್ಷೆ, ಮದ್ಯಕ್ಕೆ ದೇಹವೇ ಒಗ್ಗಿಹೋದವರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು ಎಂದು ಹೇಳಿತು. ಮನೋವೈದ್ಯರ ಸಂಖ್ಯೆ ನಾಳೆಯೇ ಎರಡು ಪಟ್ಟಾದರೂ ಈ ಅಂತರ ಮುಚ್ಚುವುದಿಲ್ಲ. ಆಸ್ಪತ್ರೆಯ ಬಾಗಿಲವರೆಗೆ ಕರೆತರಲು, ಅಲ್ಲಿಂದ ಮನೆಯವರೆಗೆ ಜೊತೆಗೆ ಬರಲು ಬೇರೆ ಜನ ಬೇಕು.

ಈ ಯೋಚನೆ ಹೊಸದೇನಲ್ಲ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯ ಮಾನಸಿಕ ವಿಭಾಗ ನೋಡಿಕೊಳ್ಳುತ್ತಿದ್ದ ಝಾನ್ ಬ್ಯಾಪ್ಟಿಸ್ಟ್ ಪ್ಯುಸ್ಯಾಂ, ಗುಣವಾಗುತ್ತಿದ್ದ ರೋಗಿಗಳನ್ನೇ ಆಳುಗಳಾಗಿ ಇಟ್ಟುಕೊಳ್ಳುತ್ತಿದ್ದ. ಅವರು ಹೊಡೆಯುವುದಿಲ್ಲ, ಕೂಗಾಡುವುದಿಲ್ಲ ಎಂಬುದು ಅವನ ಕಾರಣ. 1793ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದ ಫಿಲಿಪ್ ಪಿನೆಲ್ ಅದನ್ನು ನೋಡಿ ಮೆಚ್ಚಿದ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಸರ್ಜನ್ನನೂ ಸೇರಿ, ಕುಡಿತ ಬಿಟ್ಟವನು ಬಿಡಲು ಒದ್ದಾಡುವವನ ಜೊತೆ ಕೂತು ಮಾತಾಡಿದರೆ ಇಬ್ಬರಿಗೂ ಉಪಯೋಗ ಎಂದು ಕಂಡುಕೊಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎಎ ಎನ್ನುವುದು, ಹುಟ್ಟಿದ್ದು ಹಾಗೆ. 1999ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯ ಜೊತೆಗಾರರ ನೆರವನ್ನು ಸರ್ಕಾರಿ ಆರೋಗ್ಯ ವಿಮೆಯಿಂದ ಹಣ ಕೊಡಬಹುದಾದ ಸೇವೆ ಎಂದು ಒಪ್ಪಿಕೊಂಡಿತು. ಅಲ್ಲಿಂದಾಚೆಗೆ ಅದು ಸಂಬಳದ ಉದ್ಯೋಗವಾಯಿತು.

ನಮ್ಮಲ್ಲಿ? ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಊರಿನ ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ ನಡೆಯುತ್ತದೆ. ಎಲ್ಲರೂ ಆ ಎಂಟು ದಿನದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಶಿಬಿರ ಮುಗಿದ ಮೇಲೆ ಕಟ್ಟುವ ನವಜೀವನ ಸಮಿತಿ. ಕುಡಿತ ಬಿಟ್ಟವರೇ ಸೇರುವುದು, ಹೊಸದಾಗಿ ಬಿಟ್ಟವರ ಮನೆಗೆ ಹೋಗಿ ಬರುವುದು, ನೂರು ದಿನ ತುಂಬಿದಾಗ ಶತದಿನೋತ್ಸವ ಮಾಡುವುದು. ಪೀರ್ ಸಪೋರ್ಟ್ ಎಂಬ ಹೆಸರು ಕೇಳದ ಹಳ್ಳಿಯಲ್ಲೂ ಅದರ ಅಡಿಪಾಯ ಇದೆ. ಇರಬೇಕಾದಷ್ಟು ತರಬೇತಿ ಇಲ್ಲ. ಇವತ್ತಿನ ಮಾತಿನ ಬಹುಪಾಲು ಅದರ ಬಗ್ಗೆಯೇ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಎಎ ಸಭೆ, ನವಜೀವನ ಸಮಿತಿ ಇವು ಪರಸ್ಪರ ಸಹಾಯ. ಅಲ್ಲಿ ಎಲ್ಲರೂ ಕೊಡುವವರು, ಎಲ್ಲರೂ ತೆಗೆದುಕೊಳ್ಳುವವರು. ಸಂಬಳವಿಲ್ಲ, ಮೇಲಧಿಕಾರಿಯಿಲ್ಲ. ಆಸ್ಪತ್ರೆ ಅಥವಾ ಸಂಸ್ಥೆ ನೇಮಿಸಿದ ಜೊತೆಗಾರರ ಸ್ಥಿತಿ ಬೇರೆ. ಅವರು ಕೊಡುವ ಜಾಗದಲ್ಲಿದ್ದಾರೆ, ಲೆಕ್ಕ ಒಪ್ಪಿಸಬೇಕು, ಟಿಪ್ಪಣಿ ಬರೆಯಬೇಕು. ಆದ್ದರಿಂದ ಎದುರಿಗಿರುವವರ ಮುಂದೆ ತಮ್ಮ ಎದೆಯ ಭಾರವನ್ನೆಲ್ಲ ಇಳಿಸುವ ಹಾಗಿಲ್ಲ. ಇದಕ್ಕಾಗಿ ಅವರಿಗೆ ಬೇರೆಯೇ ಒಂದು ಜಾಗ ಬೇಕು. ಈ ಎರಡನ್ನು ಕಲಸಿಕೊಂಡಲ್ಲೇ ಎಷ್ಟೋ ಒಳ್ಳೆಯ ಜನ ಸೋತಿದ್ದಾರೆ.

ಈಗ ಕಥೆಯ ವಿಷಯ. ಜೊತೆಗಾರರ ಹತ್ತಿರ ಇರುವ, ಡಾಕ್ಟರ ಹತ್ತಿರ ಇಲ್ಲದ ಸಾಧನ ಎಂದರೆ ತಮ್ಮದೇ ಅನುಭವ. ಹೆಚ್ಚು ಕೆಡುವುದೂ ಅದೇ. ಒಂದು ಸಂದರ್ಭ ಇಟ್ಟುಕೊಳ್ಳಿ. ಕುಡಿತ ಬಿಟ್ಟು ಹತ್ತು ದಿನವಾದ ಒಬ್ಬರು ಸಿಟ್ಟಿನಿಂದ, "ನನ್ ಕಷ್ಟ ನಿಮಗೇನ್ ಗೊತ್ತಣ್ಣ?" ಎನ್ನುತ್ತಾರೆ. ತರಬೇತಿ ಇಲ್ಲದವರ ಉತ್ತರ ಹೀಗಿರುತ್ತದೆ: "ನನಗೆ ಗೊತ್ತಿಲ್ವಾ? ಬೆಳಿಗ್ಗೆ ಎದ್ದು ಹಲ್ಲುಜ್ಜೋ ಮೊದಲೇ ಕ್ವಾರ್ಟರ್ ಮುಗಿಸ್ತಿದ್ದೋನು ನಾನು!" ಅಲ್ಲಿಂದ ಮುಕ್ಕಾಲು ಗಂಟೆ ಅದೇ ಪುರಾಣ. ಕೇಳುತ್ತಿರುವವರ ಬಾಯಲ್ಲಿ ನೀರೂರಲು ಇಷ್ಟು ಸಾಕು. ಅದರ ಜೊತೆಗೆ, ನಾನು ಇವರಷ್ಟು ಕುಡಿದಿಲ್ಲವಲ್ಲ, ನನಗೇನೂ ಆಗಿಲ್ಲ ಎಂಬ ನೆಪವೂ ಸಿಕ್ಕಿತು. ಕಲಿತವರು ಏನು ಹೇಳುತ್ತಾರೆ? "ನಿಮ್ದು ಪೂರ್ತಿ ನಂಗೆ ಗೊತ್ತಿಲ್ಲ. ನನಗೆ ಮೊದಲನೇ ತಿಂಗಳು ಸಂಜೆ ಆರರಿಂದ ಎಂಟು ಗಂಟೆ ಕಳೆಯೋದೇ ಕಷ್ಟ ಆಗಿತ್ತು. ನಿಮಗೆ ಯಾವ ಹೊತ್ತು ಜಾಸ್ತಿ ಹಿಂಸೆ?" ಎರಡು ವಾಕ್ಯ ತಮ್ಮದು, ಮೂರನೆಯದು ಮತ್ತೆ ಅವರದ್ದು. ಅಳತೆ ಅಷ್ಟೇ. ನಿಮ್ಮ ಕಥೆ ಎರಡು ನಿಮಿಷ ದಾಟಿತು ಎಂದರೆ ಭೇಟಿ ನಿಮ್ಮದಾಗಿದೆ ಎಂದು ಅರ್ಥ ಮಾಡಿಕೊಳ್ಳಿ.

ಕಥೆಯಲ್ಲಿ ಹೇಳದೆ ಬಿಡಬೇಕಾದವೂ ಇವೆ. ಎಷ್ಟು ಕುಡಿಯುತ್ತಿದ್ದಿರಿ, ಯಾವ ಬ್ರ್ಯಾಂಡು, ಕುಡಿದಾಗ ಹೇಗೆ ಅನ್ನಿಸುತ್ತಿತ್ತು, ಇವು ಬೇಡ. ಜೀವ ತೆಗೆದುಕೊಳ್ಳಲು ಪ್ರಯತ್ನಿಸಿದ್ದರೆ ಆ ವಿಧಾನ ಬೇಡವೇ ಬೇಡ. ನೀವು ನುಂಗುವ ಮಾತ್ರೆಯ ಹೆಸರು, ಪ್ರಮಾಣ ಬೇಡ, ಯಾಕೆಂದರೆ ಮಾರನೇ ದಿನವೇ ಅವರು ಮೆಡಿಕಲ್ ಶಾಪಿಗೆ ಹೋಗಿ ಅದನ್ನೇ ಕೇಳುತ್ತಾರೆ. ಇನ್ನೂ ಮಾಯದ ಗಾಯವನ್ನೂ ಹೇಳಬೇಡಿ. ಹೇಳುವಾಗ ನಿಮ್ಮ ಕೈ ನಡುಗುತ್ತಿದ್ದರೆ ಆ ಭಾಗ ಹಂಚಲು ಇನ್ನೂ ಸಮಯ ಬಂದಿಲ್ಲ.

ಮೊದಲ ಭೇಟಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜಾಗ ಮನೆಯ ನಡುಮನೆ ಆಗಬಾರದು. ಅಲ್ಲಿ ಅತ್ತೆ, ಮಾವ, ಪಕ್ಕದ ಮನೆಯವರು ಎಲ್ಲರೂ ಸೇರಿ ದೂರು ಶುರುಮಾಡುತ್ತಾರೆ, ಭೇಟಿ ಪಂಚಾಯ್ತಿಯಾಗುತ್ತದೆ. ಅರಳಿಕಟ್ಟೆಯೂ ಬೇಡ, ಊರೆಲ್ಲ ನೋಡುತ್ತದೆ. ಆಸ್ಪತ್ರೆಯ ಹಿಂದಿನ ಬೆಂಚು, ಶಾಲೆ ಬಿಟ್ಟ ಮೇಲಿನ ಜಗುಲಿ, ಹೊಲದ ದಾರಿ, ಇಂಥವು ಒಳ್ಳೆಯದು. ಎದುರುಬದುರು ಕೂರುವುದಕ್ಕಿಂತ ಪಕ್ಕದಲ್ಲಿ ಕೂತರೆ ಅಥವಾ ಜೊತೆಗೆ ನಡೆದರೆ ಮಾತು ಸಲೀಸು. ಮೂವತ್ತು ನಲವತ್ತು ನಿಮಿಷ ಸಾಕು. ನೀವು ಯಾರು, ಯಾರ ಕಡೆಯಿಂದ ಬಂದಿದ್ದೀರಿ ಎಂದು ಹೇಳಿ. ಗುಟ್ಟಿನ ವಿಷಯ ಮೊದಲೇ ಆಗಬೇಕು: "ನೀವು ಹೇಳಿದ್ದು ನನ್ನಲ್ಲೇ ಇರುತ್ತೆ, ನಿಮ್ಮ ಮನೆಯವರಿಗೂ ಹೇಳಲ್ಲ. ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅಂತ ಅನ್ನಿಸಿದರೆ ನಮ್ಮ ತಂಡಕ್ಕೆ ಹೇಳ್ತೀನಿ, ನಿಮಗೆ ತಿಳಿಸಿಯೇ ಹೇಳ್ತೀನಿ." ಈ ಮಾತನ್ನು ಆಮೇಲೆ ಹೇಳಿದರೆ ದ್ರೋಹದಂತೆ ಕೇಳಿಸುತ್ತದೆ.

ಆಮೇಲೆ ಉಪದೇಶ ಬೇಡ, ವಿಚಾರಣೆ ಬೇಡ. ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ, ಮಾತ್ರೆ ಎಷ್ಟು ಉಳಿದಿದೆ, ಕೈಯಲ್ಲಿ ಬಸ್ಸಿಗೆ ದುಡ್ಡಿದೆಯಾ. ಇಷ್ಟನ್ನು ಕೇಳುವಷ್ಟರಲ್ಲಿ ಪರಿಸ್ಥಿತಿಯ ಅರ್ಧ ಗೊತ್ತಾಗುತ್ತದೆ. ನಂತರ, ಮುಂದಿನ ಒಂದು ವಾರದಲ್ಲಿ ನಿಮಗೆ ಯಾವ ಒಂದು ವಿಷಯ ಸುಲಭವಾದರೆ ಒಳ್ಳೆಯದು ಎಂದು ಕೇಳಿ. ಕುಡಿತದ ಹೆಸರೇ ಬರದೆ "ಮಗಳ ಶಾಲೆ ಫೀಸು" ಎಂಬ ಉತ್ತರ ಬರಬಹುದು. ಹಾಗಾದರೆ ಕೆಲಸ ಅಲ್ಲಿಂದಲೇ ಶುರು. ಹೊರಡುವ ಮುಂಚೆ ಮುಂದಿನ ಭೇಟಿಯ ದಿನ, ಹೊತ್ತು, ಜಾಗ ಮೂರನ್ನೂ ಗೊತ್ತುಮಾಡಿ. ಹೇಳಿದ ಹೊತ್ತಿಗೆ ಹೋಗಿ. ಮಾತು ಕೊಟ್ಟು ತಪ್ಪಿದವರನ್ನು ಅವರು ಜೀವನದಲ್ಲಿ ಸಾಕಷ್ಟು ನೋಡಿದ್ದಾರೆ.

ಕುಡಿತದ ವಿಷಯದಲ್ಲಿ ಪ್ರತಿ ಜೊತೆಗಾರರಿಗೂ ಬಾಯಿಪಾಠ ಬರಬೇಕಾದ್ದು ಒಂದಿದೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಡವಡವ ಶುರುವಾಗುತ್ತದೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ದಿನ, ಜಾಗ ಗೊತ್ತಾಗದೆ, ಇಲ್ಲದ ಹುಳ, ಮನುಷ್ಯರು ಕಂಡು, ಜ್ವರ ಏರಿ, ಹಾಸಿಗೆ ಬಟ್ಟೆ ಕೀಳಲು ಶುರುಮಾಡುತ್ತಾರೆ. ಮನೆಯವರು ಅದನ್ನು ಗಾಳಿ ಸೋಕಿದೆ ಎಂದುಕೊಂಡು ತಡಮಾಡುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ, ಆದರೆ ಆಸ್ಪತ್ರೆಯಲ್ಲಿ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ ಎಂದು ಮೊದಲ ದಿನವೇ ಕೇಳಿ. ಹೌದು ಎಂದರೆ ಮನೆಯಲ್ಲಿ ಬಿಡಿಸುವ ಪ್ರಯತ್ನಕ್ಕೆ ಕೈಹಾಕಬೇಡಿ. ದೇವರ ಮುಂದೆ ಆಣೆ ಮಾಡಿಸಿ ಆ ಕ್ಷಣದಿಂದಲೇ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆಯಲ್ಲ, ಆ ಆಣೆ ಆಸ್ಪತ್ರೆಗೆ ತೋರಿಸಿದ ಮೇಲೆ ಆಗಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಇದರ ಜೊತೆಗೇ ಗ್ಲೂಕೋಸ್ ವಿಷಯ. ಸುಸ್ತಾದವರನ್ನು ಕರೆದೊಯ್ದು "ಒಂದು ಗ್ಲೂಕೋಸ್ ಹಾಕ್ಸಿಬಿಡಿ" ಎನ್ನುವುದು ನಮ್ಮೂರುಗಳ ರೂಢಿ. ಬಹಳ ದಿನದಿಂದ ಊಟ ಬಿಟ್ಟು ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ-1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು: ಗೊಂದಲ, ಕಣ್ಣಿನ ಚಲನೆಯಲ್ಲಿ ವ್ಯತ್ಯಾಸ, ನಡಿಗೆಯಲ್ಲಿ ತೂರಾಟ, ಆಮೇಲೆ ನೆನಪು ಹೋಗುವುದು. ಯಾವ ಇಂಜೆಕ್ಷನ್ ಕೊಡಬೇಕು ಎಂದು ಜೊತೆಗಾರರು ಹೇಳುವ ಹಾಗಿಲ್ಲ. "ಇವರು ದಿನಾ ಕುಡೀತಾರೆ, ಐದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ" ಎಂಬ ಮಾತನ್ನು ಮಾತ್ರ ನರ್ಸಿಗೆ ಹೇಳದೆ ಬರಬಾರದು. ಮನೆಯವರು ನಾಚಿಕೆಗೆ ಮುಚ್ಚಿಡುವುದು ಇದನ್ನೇ.

ಗುಟ್ಟಾಗಿ ಊಟದಲ್ಲಿ ಬೆರೆಸುವ ಪುಡಿಗಳ ಬಗ್ಗೆ ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತೀರಿ. ಅಂಥ ಕೆಲವು ಪುಡಿ, ಮಾತ್ರೆಗಳಲ್ಲಿ ಡೈಸಲ್ಫಿರಾಂ ಇರುತ್ತದೆ. ಅದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಅಪಾಯ ಇರುತ್ತದೆ. ತಿಳಿದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಅದು ಒಳ್ಳೆಯ ಔಷಧಿಯೇ. ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸಿದರೆ ವಿಷ. ಹೆಂಡತಿ ಕೈಯಡುಗೆಯ ಮೇಲೆ ನಂಬಿಕೆ ಹೋದ ಮನೆಯಲ್ಲಿ ಚೇತರಿಕೆ ಮತ್ತಷ್ಟು ದೂರ ಹೋಗುತ್ತದೆ.

ಸೂಜಿಯಲ್ಲೋ ಮಾತ್ರೆಯಲ್ಲೋ ಅಫೀಮಿನ ಜಾತಿಯ ಮಾದಕ ವಸ್ತು ಬಳಸುತ್ತಿದ್ದವರ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಕೆಲವು ವಾರ ಬಿಟ್ಟ ಮೇಲೆ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ. ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಜೈಲಿನಿಂದ, ಕೇಂದ್ರದಿಂದ ಹೊರಬಂದ ಮೊದಲ ವಾರಗಳಲ್ಲೇ ಇಂಥ ಸಾವು ಹೆಚ್ಚು. ಇದನ್ನು ಬಿಡುಗಡೆಯ ಮುಂಚೆ ಅವರಿಗೆ ನೇರವಾಗಿ ಹೇಳಬೇಕು.

ಈಗ ಮರುಕಳಿಸುವುದರ ಬಗ್ಗೆ. ಗಾರೆ ಕೆಲಸದ ಒಬ್ಬರನ್ನು ಊಹಿಸಿಕೊಳ್ಳಿ. ಶನಿವಾರ ಬಟವಾಡೆ. ಸಂಜೆ ಐದೂವರೆಗೆ ಕೈಯಲ್ಲಿ ವಾರದ ಕೂಲಿ, ಹೊಟ್ಟೆಯಲ್ಲಿ ಮಧ್ಯಾಹ್ನದ ಮುದ್ದೆ ಕರಗಿದೆ, ಮೈಕೈ ನೋವು, ಮೇಸ್ತ್ರಿ ಬೈದಿದ್ದಾನೆ, ಬಸ್ ಸ್ಟ್ಯಾಂಡಿನ ದಾರಿಯಲ್ಲಿ ವೈನ್ ಸ್ಟೋರು. ಹಸಿವು, ಸಿಟ್ಟು, ಒಂಟಿತನ, ದಣಿವು ನಾಲ್ಕೂ ಒಂದೇ ಗಂಟೆಯಲ್ಲಿ ಕೂಡಿವೆ. ಇಲ್ಲಿ ಮನಸ್ಸು ಗಟ್ಟಿ ಮಾಡಿಕೋ ಎಂಬ ಮಾತಿನಿಂದ ಏನೂ ಆಗುವುದಿಲ್ಲ. ಶುಕ್ರವಾರವೇ ಕೂತು ಶನಿವಾರದ ಒಂದೂವರೆ ಗಂಟೆಯನ್ನು ಕಾಗದದ ಮೇಲೆ ಬಿಡಿಸಬೇಕು. ಐದು ಗಂಟೆಗೆ ಬನ್ನೋ ಬಾಳೆಹಣ್ಣೋ ಏನಾದರೂ ತಿನ್ನುವುದು. ಕೂಲಿಯನ್ನು ಹೆಂಡತಿಯ ಖಾತೆಗೋ ಫೋನ್‌ಪೇಗೋ ಹಾಕಲು ಮೇಸ್ತ್ರಿಯನ್ನು ಒಪ್ಪಿಸುವುದು, ಬಸ್ಸಿಗೆ ಬೇಕಾದಷ್ಟು ಮಾತ್ರ ಜೇಬಿನಲ್ಲಿ. ಹಿಂದಿನ ರಸ್ತೆಯಿಂದ ನಡೆದು ಮುಂದಿನ ಸ್ಟಾಪಿನಲ್ಲಿ ಬಸ್ ಹತ್ತುವುದು. ಆರು ಗಂಟೆಗೆ ಜೊತೆಗಾರರ ಫೋನು. ಆಸೆ ಉಕ್ಕಿದರೂ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಅದರ ಬಿರುಸು ಇಳಿಯುತ್ತದೆ, ಅಷ್ಟು ಹೊತ್ತು ದಾಟಿಸುವುದೇ ಗುರಿ ಎಂದು ಅವರಿಗೆ ಗೊತ್ತಿರಬೇಕು. "ಇವತ್ತು ಒಂದೇ ಒಂದು" ಎಂದು ಎಳೆಯುವ ಗೆಳೆಯನಿಗೆ ಹೇಳುವ ಉತ್ತರವನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿ. "ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ, ಕುಡಿದ್ರೆ ರಿಯಾಕ್ಷನ್ ಆಗುತ್ತೆ" ಎಂಬುದು ಎಷ್ಟೋ ಜನರಿಗೆ ಮದುವೆ ಮನೆಯಲ್ಲಿ ಮಾನ ಉಳಿಸಿಕೊಂಡು ಹೊರಬರುವ ದಾರಿ.

ಇಷ್ಟಾದರೂ ಕುಡಿಯಬಹುದು. ಆಗ ಮಾರನೇ ಬೆಳಿಗ್ಗೆಯ ಫೋನ್ ಬಹಳ ಮುಖ್ಯ. ನಾಚಿಕೆಯಿಂದ ಅವರು ಎತ್ತುವುದಿಲ್ಲ. ಎರಡು ಸಲ ಮಾಡಿ, ಸಿಗದಿದ್ದರೆ ಮನೆ ಹತ್ತಿರ ಹೋಗಿ. ಕುಡಿದಿರುವಾಗ ಚರ್ಚೆ ಬೇಡ. ಇಳಿದ ಮೇಲೆ ಕೇಳಿ: ಎಷ್ಟು ಹೊತ್ತಿಗೆ ಮೊದಲ ಯೋಚನೆ ಬಂತು? ಅದರ ಹಿಂದಿನ ಗಂಟೆಯಲ್ಲಿ ಏನಾಯಿತು? ನಿಲ್ಲಿಸಿದ್ದು ಹೇಗೆ? ಮೂರನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದೇ ದಿನಕ್ಕೆ ನಿಲ್ಲಿಸಿದ್ದರೆ ಅದರಲ್ಲೂ ಒಂದು ಶಕ್ತಿ ಇದೆ, ಅದು ಎಲ್ಲಿಂದ ಬಂತು ಎಂದು ಹುಡುಕಬೇಕು.

ಮಾನಸಿಕ ಕಾಯಿಲೆಯ ಕಡೆ ಬರೋಣ. ಇಲ್ಲಿ ಜೊತೆಗಾರರು ಅತಿ ಹೆಚ್ಚು ಕೇಳುವ ಮಾತು "ಮಾತ್ರೆ ಬಿಟ್ಬಿಟ್ಟೆ". ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ. ಬಿಟ್ಟಿದ್ದೇ ಸರಿ ಎನ್ನುವ ಹಾಗೂ ಇಲ್ಲ. ಯಾಕೆ ಬಿಟ್ಟರು ಎಂದು ತಿಳಿಯಬೇಕು. ಬೆಳಿಗ್ಗೆ ತಲೆ ಎತ್ತಲಾಗದಷ್ಟು ಮಂಪರು, ತೂಕ ಏರಿದ್ದು, ಮಲಬದ್ಧತೆ, ಬಾಯಿ ಒಣಗುವುದು, ಗಂಡ ಹೆಂಡತಿ ಸಂಬಂಧದಲ್ಲಿ ತೊಂದರೆ, ಮುಟ್ಟು ನಿಂತಿದ್ದು. ಕೊನೆಯ ಎರಡನ್ನು ಡಾಕ್ಟರ ಮುಂದೆ ಯಾರೂ ಬಾಯಿಬಿಡುವುದಿಲ್ಲ. ಇವೆಲ್ಲಕ್ಕೂ ಡಾಕ್ಟರ ಹತ್ತಿರ ದಾರಿಗಳಿವೆ: ಪ್ರಮಾಣ, ಹೊತ್ತು, ಔಷಧಿ ಬದಲಾಯಿಸಬಹುದು. ಜೊತೆಗಾರರ ಕೆಲಸ, ಆ ದೂರನ್ನು ಅವರದೇ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆಸಿ ಡಾಕ್ಟರ ಮೇಜಿಗೆ ತಲುಪಿಸುವುದು. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಆದರೆ ಹೊಟ್ಟೆ ತೊಳಸುವುದು, ಚಡಪಡಿಕೆ ಮೊದಲ ವಾರವೇ ಬರುತ್ತದೆ. ಇಷ್ಟು ಮೊದಲೇ ಗೊತ್ತಿದ್ದರೆ ಸಾಕು, ಅನೇಕರು ಮಾತ್ರೆ ಬಿಡುವುದಿಲ್ಲ. ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ ಭೇದಿ ಆದರೆ, ಕೈ ಜೋರಾಗಿ ನಡುಗಿ ನಡಿಗೆ ತೂರಾಡಿದರೆ ಅದೇ ದಿನ ಆಸ್ಪತ್ರೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಐಬುಪ್ರೊಫೆನ್ ತೆಗೆದುಕೊಂಡರೂ ರಕ್ತದಲ್ಲಿ ಲಿಥಿಯಂ ಏರುತ್ತದೆ ಎಂಬುದು ಅವರಿಗೆ ಗೊತ್ತಿರಲಿ.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಅಲ್ಲಿಗೆ ಜೊತೆಯಲ್ಲಿ ಹೋಗುವುದು ಸಣ್ಣ ಕೆಲಸ ಎಂದುಕೊಳ್ಳಬೇಡಿ. ಹಳೇ ಚೀಟಿಗಳು, ಖಾಲಿಯಾದ ಮಾತ್ರೆ ಸ್ಟ್ರಿಪ್‌ಗಳು, ಕೇಳಬೇಕಾದ ಮೂರು ಪ್ರಶ್ನೆ ಬರೆದ ಕಾಗದ, ತಿಂಡಿ ಡಬ್ಬಿ, ಇಷ್ಟು ಚೀಲದಲ್ಲಿರಲಿ. ಸಾಲಿನಲ್ಲಿ ಎರಡು ಗಂಟೆ ಕೂರುವಾಗ ಎದ್ದುಹೋಗಬೇಕು ಅನ್ನಿಸುತ್ತದೆ. ಆಗ ಪಕ್ಕದಲ್ಲಿ ಒಬ್ಬರು ಇರುವುದೇ ಚಿಕಿತ್ಸೆ ಮುಂದುವರಿಯಲು ಕಾರಣವಾಗುತ್ತದೆ. ಒಳಗೆ ಹೋದಾಗ ಅವರ ಪರವಾಗಿ ನೀವು ಮಾತಾಡಬೇಡಿ. ಅವರು ಮರೆತರೆ ಕಾಗದ ತೋರಿಸಿ, ಅಷ್ಟೇ.

ಯಾರೂ ಇಲ್ಲದಾಗ ದನಿ ಕೇಳಿಸುತ್ತದೆ ಎನ್ನುವವರ ಜೊತೆ "ಅಂಥದ್ದೇನೂ ಇಲ್ಲ" ಎಂದು ವಾದಿಸಬೇಡಿ, "ಹೌದು, ಯಾರೋ ಮಾಟ ಮಾಡಿದ್ದಾರೆ" ಎಂದು ಸೇರಿಕೊಳ್ಳಲೂಬೇಡಿ. ದನಿ ಏನು ಹೇಳುತ್ತದೆ, ಯಾವ ಹೊತ್ತಿನಲ್ಲಿ ಜೋರು, ಏನು ಮಾಡಿದಾಗ ತಗ್ಗುತ್ತದೆ ಎಂದು ಕೇಳಿ. ನಿನ್ನನ್ನೋ ಇನ್ನೊಬ್ಬರನ್ನೋ ಏನಾದರೂ ಮಾಡು ಎಂದು ದನಿ ಅಪ್ಪಣೆ ಕೊಡುತ್ತಿದ್ದರೆ ಅವತ್ತೇ ತಂಡಕ್ಕೆ ತಿಳಿಸಬೇಕು. ಮನೆಯವರು ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದೊಯ್ಯುತ್ತೇವೆ ಎಂದರೆ ಜಗಳ ಮಾಡಬೇಡಿ. ಹೋಗಿ ಬನ್ನಿ, ಮಾತ್ರೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ ಎನ್ನಿ. ಸರಪಳಿ, ಬರೆ, ಹೊಡೆತ ಇದ್ದಲ್ಲಿ ಮಾತ್ರ ಸುಮ್ಮನಿರುವ ಹಾಗಿಲ್ಲ.

ಅಮೆರಿಕದ ವರ್ಮಾಂಟ್‌ನಲ್ಲಿ 1997ರಲ್ಲಿ, ಕಾಯಿಲೆ ಅನುಭವಿಸಿದವರೇ ಸೇರಿ ರೂಪಿಸಿದ ವ್ರಾಪ್ ಎಂಬ ಯೋಜನೆಯ ಪದ್ಧತಿ ಇದೆ. ಅದರ ಸಾರವನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಮಾಡಿಕೊಳ್ಳಬಹುದು. ಚೆನ್ನಾಗಿದ್ದಾಗ ನಾನು ಹೇಗಿರುತ್ತೇನೆ, ಹಾಗೆ ಇರಲು ದಿನವೂ ಏನು ಮಾಡಬೇಕು, ಯಾವುದು ನನ್ನನ್ನು ಕೆಡಿಸುತ್ತದೆ, ಕೆಡುತ್ತಿದೆ ಎಂಬುದರ ಮೊದಲ ಸುಳಿವು ಯಾವುದು, ನನ್ನ ಕೈಮೀರಿದಾಗ ಯಾರು ಏನು ಮಾಡಬೇಕು, ಏನು ಮಾಡಬಾರದು. ಮೊದಲ ಸುಳಿವಿನ ಪುಟ ಬಹಳ ಬೆಲೆಯುಳ್ಳದ್ದು. ಒಬ್ಬರಿಗೆ ಅದು ಮೂರು ರಾತ್ರಿ ನಿದ್ದೆ ಇಲ್ಲದಿರುವುದು, ಇನ್ನೊಬ್ಬರಿಗೆ ಸಿಕ್ಕಾಪಟ್ಟೆ ಸಾಮಾನು ಕೊಳ್ಳುವುದು, ಮತ್ತೊಬ್ಬರಿಗೆ ತಲೆ ಬಾಚಿಕೊಳ್ಳುವುದು ನಿಲ್ಲುವುದು.

ಕೊನೆಯ ಪುಟಕ್ಕೆ ನಮ್ಮ ಕಾನೂನಿನ ಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಮುಂದೆ ಕಾಯಿಲೆ ಜೋರಾದಾಗ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅನ್ವಯಿಸುವುದಿಲ್ಲ. ನನ್ನ ಪರವಾಗಿ ನಿಲ್ಲುವವರು ಯಾರು ಎಂಬುದನ್ನು ಬರೀ ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಅಣ್ಣತಮ್ಮಂದಿರ ಜಗಳವಿರುವ ಮನೆಗಳಲ್ಲಿ ಈ ಒಂದು ಹಾಳೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಇದನ್ನು ಜನರಿಗೆ ತಲುಪಿಸಲು ಜೊತೆಗಾರರಿಗಿಂತ ಸರಿಯಾದವರು ಇಲ್ಲ.

ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿ. "ಬದುಕೋದೇ ಬೇಡ ಅನ್ನಿಸಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಕೇಳಿದ್ದರಿಂದ ಅವರಿಗೆ ಹಗುರವಾಗುತ್ತದೆ. ಹೌದು ಎಂದರೆ ಒಬ್ಬರೇ ಇರಲು ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ ಡಬ್ಬಿ, ಕಟ್ಟುಗಟ್ಟಲೆ ಮಾತ್ರೆ ಬೇರೆ ಮನೆಗೆ ಹೋಗಲಿ, ತಂಡದ ಮೇಲ್ವಿಚಾರಕರಿಗೆ ಆಗಲೇ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯದಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. ಅದೇ ಕಾಯ್ದೆಯ 115ನೇ ಸೆಕ್ಷನ್, ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಗಡಿಗಳ ವಿಷಯ. ಸಾಲ ಕೊಡಬೇಡಿ, ತೆಗೆದುಕೊಳ್ಳಬೇಡಿ. ನೂರು ರೂಪಾಯಿ ಕೊಟ್ಟರೂ ಮುಂದಿನ ಭೇಟಿಗೆ ಅವರು ತಲೆಮರೆಸಿಕೊಳ್ಳುತ್ತಾರೆ. ಫೋನ್ ಎತ್ತುವ ಹೊತ್ತು ಇಷ್ಟರಿಂದ ಇಷ್ಟರವರೆಗೆ, ಆಮೇಲೆ ಈ ನಂಬರು ಎಂದು ಮೊದಲೇ ಹೇಳಿ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಜೊತೆಗಾರರಾಗಲಿ. ಕುಡಿಯುವ ಹೆಂಗಸರು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಗಂಡಸರಿಗಿಂತ ತಡವಾಗಿ ಚಿಕಿತ್ಸೆಗೆ ಬರುತ್ತಾರೆ. ಅವರ ಬಗ್ಗೆ ನಾವು ಮಾಡಿರುವ ಕೆಲಸ ಬಹಳ ಕಡಿಮೆ, ಇದು ನನ್ನನ್ನು ಚುಚ್ಚುತ್ತಲೇ ಇರುತ್ತದೆ. ಊರಲ್ಲಿ ಎದುರಾದಾಗ ನೀವಾಗಿ ಮಾತಾಡಿಸಬೇಡಿ, ಅವರು ಮಾತಾಡಿಸಿದರೆ ಮಾತಾಡಿ. ನೀವು ಯಾರು ಎಂದು ಊರಿಗೆಲ್ಲ ಗೊತ್ತಿದ್ದರೆ ನಿಮ್ಮ ಜೊತೆ ನಿಂತಿದ್ದೇ ಅವರ ಗುಟ್ಟು ಬಯಲಾಗಲು ಸಾಕು.

ಸಂಸ್ಥೆ ನಡೆಸುವವರು ಇಲ್ಲಿ ಕೆಲವರಿದ್ದೀರಿ. ಜೊತೆಗಾರರನ್ನು ನೇಮಿಸಿ, ಆಮೇಲೆ ಫೈಲ್ ತರಲು, ಗಲಾಟೆ ಮಾಡುವವರನ್ನು ಹಿಡಿದುಕೊಳ್ಳಲು ಬಳಸಬೇಡಿ. ಹಿಡಿದುಕೊಂಡ ಕೈಯನ್ನು ಯಾರೂ ನಂಬುವುದಿಲ್ಲ. ಸಂಬಳ ಕೊಡಿ. ಸೇವೆ ಎಂಬ ಹೆಸರಿನಲ್ಲಿ ಬಡವರಿಂದ ಬಿಟ್ಟಿ ದುಡಿಸಿಕೊಳ್ಳುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ವಾರಕ್ಕೊಮ್ಮೆ ಒಂದು ಗಂಟೆ ಅವರ ಜೊತೆ ಕೂತು ಯಾವ ಭೇಟಿ ಭಾರವಾಯಿತು ಎಂದು ಕೇಳುವವರೊಬ್ಬರು ಬೇಕು. ಅವರಿಗೇ ಕಾಯಿಲೆ ಮರುಕಳಿಸಿದರೆ ಏನು ಎಂಬುದನ್ನು ಕೆಲಸಕ್ಕೆ ಸೇರುವ ದಿನವೇ ಬರೆದಿಡಿ: ರಜೆ ಎಷ್ಟು, ಅವರ ಜನರನ್ನು ಯಾರು ನೋಡಿಕೊಳ್ಳುತ್ತಾರೆ, ವಾಪಸ್ ಬರುವುದು ಹೇಗೆ. ಬರೆದಿಡದಿದ್ದರೆ ಅವರು ಕೆಲಸ ಹೋಗುತ್ತದೆಂದು ಮುಚ್ಚಿಡುತ್ತಾರೆ.

ಇದರಿಂದ ಉಪಯೋಗವಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಇಂಗ್ಲೆಂಡಿನಲ್ಲಿ ಮನೆಗೇ ಬಂದು ನೋಡಿಕೊಳ್ಳುವ ತುರ್ತು ತಂಡದ ಆರೈಕೆ ಮುಗಿಸಿದವರಿಗೆ, ಜೊತೆಗಾರರು ಒಂದು ಕೈಪುಸ್ತಕ ಇಟ್ಟುಕೊಂಡು ಹತ್ತು ಭೇಟಿಯವರೆಗೆ ನೆರವಾದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೈಪುಸ್ತಕ ಮಾತ್ರ ಸಿಕ್ಕವರಲ್ಲಿ ಒಂದು ವರ್ಷದೊಳಗೆ 38% ಮಂದಿ ಮತ್ತೆ ತುರ್ತು ಆರೈಕೆಗೆ ಮರಳಿದರು, ಜೊತೆಗಾರರು ಸಿಕ್ಕವರಲ್ಲಿ 29%. ಅದೇ ದೇಶದಲ್ಲಿ 2022ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಮರುದಾಖಲಾತಿ ಹೇಳಿಕೊಳ್ಳುವಂತೆ ಕಡಿಮೆಯಾಗಲಿಲ್ಲ. ಕುಡಿತದ ವಿಷಯದಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ಪರಿಶೀಲನೆ, ಪೂರ್ತಿ ಬಿಟ್ಟಿರುವುದಕ್ಕೆ ಎಎ ಮತ್ತು ಅದರತ್ತ ಕಳಿಸುವ ಚಿಕಿತ್ಸೆಗಳು ಉಳಿದ ಒಳ್ಳೆಯ ಚಿಕಿತ್ಸೆಗಳಷ್ಟೇ ಅಥವಾ ಅದಕ್ಕಿಂತ ಹೆಚ್ಚು ಫಲ ಕೊಡುತ್ತವೆ ಎಂದಿತು. ಯಾರನ್ನೋ ನೇಮಿಸಿದ ಮಾತ್ರಕ್ಕೆ ಫಲ ಬರುವುದಿಲ್ಲ. ಏನು ಮಾಡುತ್ತಾರೆ, ಎಷ್ಟು ಸಲ ಸಿಗುತ್ತಾರೆ, ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ಹೋಗುತ್ತದೆ.

ಒಬ್ಬರು ಚೀಟಿ ಕಳಿಸಿದ್ದೀರಿ: ಬಿಟ್ಟು ಮೂರು ತಿಂಗಳಾಯಿತು, ಈಗಲೇ ಈ ಕೆಲಸ ಮಾಡಬಹುದೇ? ನಿಮ್ಮ ಉತ್ಸಾಹ ನನಗೆ ಸಂತೋಷ ಕೊಟ್ಟಿದೆ. ಒಂಟಿಯಾಗಿ ಬೇರೆಯವರನ್ನು ನೋಡಿಕೊಳ್ಳುವ ಕೆಲಸ ಈಗ ಬೇಡ. ಕನಿಷ್ಠ ಒಂದು ವರ್ಷ ಕಳೆಯಲಿ, ಒಂದು ದೀಪಾವಳಿ, ಒಂದು ಊರ ಜಾತ್ರೆ, ಮನೆಯಲ್ಲಿ ಒಂದು ಮದುವೆಯೋ ಸಾವೋ ದಾಟಲಿ. ಅಲ್ಲಿಯ ತನಕ ಸಭೆಗೆ ಕುರ್ಚಿ ಹಾಕಿ, ಬಂದವರಿಗೆ ಚಹಾ ಕೊಡಿ, ಅನುಭವಿ ಜೊತೆಗಾರರ ಸಂಗಡ ಮಂಗಳವಾರದ ಸಾಲಿನಲ್ಲಿ ಕೂರಿ. ಶತದಿನೋತ್ಸವದಲ್ಲಿ ವೇದಿಕೆ ಮೇಲೆ ಕರೆದು ಮೈಕು ಕೊಡುತ್ತಾರೆ, ಮಾತಾಡಲು ಇಷ್ಟವಿದ್ದರೆ ಮಾತಾಡಿ. ಆದರೆ ವಿಡಿಯೋ ಮಾಡಿ ವಾಟ್ಸ್ಆಪ್‌ಗೆ ಹಾಕುತ್ತೇವೆ ಎಂದರೆ ಹೆಂಡತಿ ಮಕ್ಕಳನ್ನು ಕೇಳಿ ನಾಳೆ ಹೇಳುತ್ತೇನೆ ಎನ್ನಿ. ಅವರು ಬೇಡ ಎಂದರೆ ಬೇಡ. ಒಮ್ಮೆ ಹೋದ ವಿಡಿಯೋ ವಾಪಸ್ ಬರುವುದಿಲ್ಲ, ಶಾಲೆಯಲ್ಲಿ ಅದನ್ನು ನೋಡುವವರು ನಿಮ್ಮ ಮಗಳ ಗೆಳತಿಯರು.